ರಾಣಿ ಈಗ ಎಲ್ಲಿದ್ದಾಳೆ?

ಸಿನಿಮಾದವರು ಅವಳಿಗೆ ಮಲ್ಕಿಯಾ, ಅಂದರೆ ರಾಣಿ, ಎಂದು ಹೆಸರಿಟ್ಟಿದ್ದರು. ಅವಳ ಒಂದು ಕಿವಿ ಹರಿದಿದ್ದರಿಂದ, ಮಾರಾ ಹುಲ್ಲುಗಾವಲಿನ ಡ್ರೈವರುಗಳಾದ ನಾವು ಹರಕಿವಿ ಎನ್ನುತ್ತಿದ್ದೆವು. ಆ ಸಿಂಹಿಣಿಯ ಹಿಂದೆ ನಾಲ್ಕು ವರ್ಷ ಜೀಪು ಓಡಿಸಿದವನು ನಾನು. ಕ್ಯಾಮೆರಾದವರು ಬದಲಾದರು, ಗೇರ್‌ಬಾಕ್ಸ್ ಬದಲಾಯಿತು; ನಾನೂ ನಿರ್ದೇಶಕಿ ನ್ಯೊಕಾಬಿ ಮೇಡಮ್ಮೂ ಉಳಿದೆವು. ನಮ್ಮ ಕೆಲಸವೆಂದರೆ ಕಾಯುವುದು. ಸಿಂಹ ಹಗಲೆಲ್ಲ ಮಲಗಿರುತ್ತದೆ; ಅದು ಏಳುವ ಹೊತ್ತಿಗೆ ನಮ್ಮ ಸೊಂಟ ಬಿದ್ದುಹೋಗಿರುತ್ತಿತ್ತು.

ಹರಕಿವಿ ಮರಿಗಳೊಂದಿಗೆ ದಿಬ್ಬವೇರಿ ಹೋಗುವುದೇ ಸಿನಿಮಾದ ಕೊನೆಯ ದೃಶ್ಯ. ಹಿಂದೆ ಮಳೆಮೋಡ. ಅದು ಸಿಕ್ಕಿದ್ದೇ ತಡ, ತಂಡ ಗಂಟುಮೂಟೆ ಕಟ್ಟಿ ನೈರೋಬಿಗೆ ಹೊರಟುಹೋಯಿತು.

ಸಿನಿಮಾ ಸಿದ್ಧವಾಗಲು ಹಿಡಿದ ಎರಡು ವರ್ಷದಲ್ಲಿ ಅವಳು ಇಲ್ಲೇ ಉಳಿದು ಮುದಿಯಾದಳು. ಕೋರೆಹಲ್ಲು ಮುರಿಯಿತು, ಗುಂಪಿನ ಜೊತೆ ಹೆಜ್ಜೆ ಹಾಕಲಾಗದೆ ಹಿಂದುಳಿದಳು. ಒಂದು ನಸುಕಿನಲ್ಲಿ ನನ್ನ ಚಿಕ್ಕಮ್ಮ ನೊಲಾರಿಯ ಹಟ್ಟಿಯ ಮುಳ್ಳುಬೇಲಿಯೊಳಗೆ ನುಗ್ಗಿ ಕರು ಹಿಡಿದಳು. ಚಿಕ್ಕಮ್ಮ ಉರಿಯುವ ಕೊಳ್ಳಿ ಹಿಡಿದು ಮೇಲೆ ಬಿದ್ದಳು. ಹರಕಿವಿ ಅವಳ ತೋಳು ಸೀಳಿದಳು. ಚಿಕ್ಕಮ್ಮನ ಮೈದುನಂದಿರು ಓಡಿಬಂದು ಭರ್ಜಿಯಿಂದ ತಿವಿದರು. ನಾನು ಹೋಗಿ ನೋಡಿದಾಗ ಸಿಂಹಿಣಿ ಸಗಣಿಯ ಮೇಲೆ ಸತ್ತು ಬಿದ್ದಿದ್ದಳು. ಹೊಟ್ಟೆ ಬೆನ್ನಿಗಂಟಿತ್ತು. ಕಿವಿ ನೋಡಿದ ಮೇಲೆ ಸಂಶಯ ಉಳಿಯಲಿಲ್ಲ.

ಮೇಡಂಗೆ ಫೋನ್ ಮಾಡಿದೆ. ಆ ಕಡೆ ಅವರ ಮೂಗು ಸೊರ್ರೆಂದಿತು.

"ಸಿನಿಮಾ ಕೆಲಸ ಮುಗಿದುಹೋಗಿದೆ ಕೋಯ್ನೆಟ್. ಈಗ ಇದನ್ನ ಎಲ್ಲೂ ಹೇಳಬೇಡ, ಆಯ್ತಾ?"

"ಆಯ್ತು ಮೇಡಂ," ಎಂದೆ. ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಅವಸರದಲ್ಲಿದ್ದೆ.

ಮೊದಲ ಪ್ರದರ್ಶನಕ್ಕೆ ನನ್ನನ್ನೂ ನೈರೋಬಿಗೆ ಕರೆಸಿದರು. ನಮ್ಮವರ ಕೆಂಪು ಹೊದಿಕೆ ಶುಕಾ ಹೊದ್ದೇ ಬರಬೇಕಂತೆ. ದೊಡ್ಡ ಪರದೆಯ ಮೇಲೆ ಹರಕಿವಿಯ ಮುಖ ಮನೆಯಷ್ಟಿತ್ತು. ವಯೊಲಿನ್ ಮೊಳಗಿತು. ಮರಿಗಳು ಬಾಲ ಕಚ್ಚಿದಾಗ ಜನ ನಕ್ಕರು. ದಿಬ್ಬವೇರಿ ಹೋಗುವಾಗ ಅತ್ತರು. ಚೆನ್ನಾಗಿಯೇ ತೆಗೆದಿದ್ದರು.

ಆಮೇಲೆ ನಮ್ಮನ್ನು ವೇದಿಕೆಗೆ ಹತ್ತಿಸಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಎದ್ದು ನನ್ನನ್ನೇ ಕೇಳಿದಳು: "ಅಣ್ಣಾ, ರಾಣಿ ಈಗ ಎಲ್ಲಿದ್ದಾಳೆ? ಹೇಗಿದ್ದಾಳೆ?"

ಮೇಡಂ ಮೈಕಿಗೆ ಕೈ ಚಾಚಿದರು. ಆದರೆ ಮೈಕು ನನ್ನ ಕೈಯಲ್ಲಿತ್ತು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಕಸುವು ಬೇಕು. ಹಿಂದಿನ ದಿನವೆಲ್ಲ ಬಸ್ಸಿನಲ್ಲಿ ಕುಲುಕಿ ಬಂದವನಲ್ಲಿ ಅದು ಉಳಿದಿರಲಿಲ್ಲ.

"ಸತ್ತುಹೋದ್ಳು ತಾಯಿ. ಹಲ್ಲಿರಲಿಲ್ಲ, ಹಸಿದಿದ್ಳು. ನಮ್ಮ ಚಿಕ್ಕಮ್ಮನ ಹಟ್ಟಿಗೆ ನುಗ್ಗಿದ್ಳು, ಅಲ್ಲೇ ತಿವಿದ್ರು."

ಹಿಂದಿನಿಂದ ಒಬ್ಬ ಕೂಗಿದ: "ಕೊಂದವರನ್ನ ಹಿಡಿದ್ರಾ?"

"ಚಿಕ್ಕಮ್ಮನ ತೋಳಿಗೆ ಹೊಲಿಗೆ ಹಾಕಿದಾರೆ," ಎಂದೆ. ಅವನು ಕೇಳಿದ್ದು ಅದಲ್ಲವೆಂದು ಗೊತ್ತಿತ್ತು. ಆದರೂ ಯಾರಾದರೂ ಚಿಕ್ಕಮ್ಮ ಹೇಗಿದ್ದಾಳೆ ಎಂದು ಕೇಳಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಯಾರೂ ಕೇಳಲಿಲ್ಲ. ಮೈಕು ಕೊಟ್ಟು ಇಳಿದೆ.

ಮರುದಿನ ಮೇಡಮ್ಮೇ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಬೈಯುತ್ತಾರೆಂದುಕೊಂಡಿದ್ದೆ. ಅವರ ಕಣ್ಣ ಕೆಳಗೂ ಕಪ್ಪಾಗಿತ್ತು.

"ಸತ್ತಿದ್ದನ್ನ ತೋರಿಸಿದ್ರೆ ಯಾರು ಟಿಕೆಟ್ ತಗೋತಾರೆ, ಹೇಳು," ಎಂದರು.

"ನಂಗೇನ್ ಗೊತ್ತು ಮೇಡಂ. ನಾನು ಡ್ರೈವರು."

ಅವರು ನಕ್ಕರು. ಸ್ವಲ್ಪ ದೂರ ಹೋದ ಮೇಲೆ, "ರಾಣಿಯ ಮಗಳ ಮೇಲೆ ಇನ್ನೊಂದು ಸಿನಿಮಾ ಮಾಡ್ತಿದೀವಿ. ಬರ್ತೀಯಾ?" ಎಂದರು.

"ಬರ್ತೀನಿ," ಎಂದೆ. ಬೇರೆ ಕೆಲಸ ಎಲ್ಲಿದೆ?

ಊರಿಗೆ ಬಂದಾಗ ಚಿಕ್ಕಮ್ಮ ಹಟ್ಟಿಯ ಬಾಗಿಲಲ್ಲಿ ಕೂತಿದ್ದಳು.

"ಏನೋ, ಸಿನಿಮಾದಲ್ಲಿ ನಾನಿದೀನಾ?"

"ಇಲ್ಲ ಚಿಕ್ಕಮ್ಮ."

"ನನ್ನ ದನ?"

"ಅವೂ ಇಲ್ಲ."

"ಮತ್ತೆ ಅಷ್ಟು ಹೊತ್ತು ಏನ್ ತೋರಿಸಿದ್ರು?"

"ಮಲಗೋದು, ಏಳೋದು, ಮರಿ ನೆಕ್ಕೋದು."

ಅವಳು ತುಸು ಯೋಚಿಸಿದಳು. "ಮರಿಗಳು ಚೆನ್ನಾಗಿದ್ವಾ?"

"ತುಂಬಾ."

"ಚಿಕ್ಕವಿದ್ದಾಗ ಎಲ್ಲವೂ ಚೆನ್ನಾಗೇ ಇರ್ತಾವೆ. ಬಾ, ಈ ಹಾಲಿನ ಸೋರೆಬುರುಡೆ ಎತ್ತಿಕೊಡು. ನನ್ನ ತೋಳು ಇನ್ನೂ ಮೇಲೇಳ್ತಿಲ್ಲ."