ಮೆಲ್ಲಗೆ ಹೊಡೆದ ಚೆಂಡು

ನಮ್ಮ ಮಧುಗಿರಿಯ ಕ್ಲಬ್ಬಿನಲ್ಲಿ ಗಂಗಾಧರಯ್ಯನವರು ಒಂದು ಆಟವನ್ನೂ ಸೋತವರಲ್ಲ. ಅದು ತಮ್ಮ ಕೈಚಳಕ ಎಂದು ನಂಬಿದ್ದವರು ಇಡೀ ಊರಿನಲ್ಲಿ ಅವರೊಬ್ಬರೇ.

ಅಮಲ್ದಾರರಾಗಿ ಎಲ್ಲೆಲ್ಲೋ ದರ್ಬಾರು ನಡೆಸಿ, ಪಿಂಚಣಿ ಪಡೆದು ಹುಟ್ಟೂರಿಗೆ ಬಂದು ಕೂತ ಮನುಷ್ಯ. ಕೆಲಸ ಹೋದರೂ ಠೀವಿ ಹೋಗಿರಲಿಲ್ಲ. ಮಗ ಮೈಸೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ, ಅಳಿಯ ಬೆಂಗಳೂರಿನಲ್ಲಿ. ಯಾರ ಮಗನಿಗೆ ಗುಮಾಸ್ತಗಿರಿ ಬೇಕಿದ್ದರೂ ಇವರ ಒಂದು ಮಾತು ಸಾಕಿತ್ತು. ಹೀಗಾಗಿ ಇವರೇ ಕ್ಲಬ್ಬಿನ ಅಧ್ಯಕ್ಷರು, ಇವರೇ ಬಿಲಿಯರ್ಡ್ಸ್ ಮೇಜಿನ ಚಕ್ರವರ್ತಿ. ಎದುರು ಆಡುವವರು ಕೆಂಪು ಚೆಂಡನ್ನು ಮೇಜಿನ ಮೂಲೆಯ ತೂತಿನ, ಅಂದರೆ ಪಾಕೆಟ್ಟಿನ, ಬಾಯಿಯವರೆಗೆ ತಂದು ಅಲ್ಲೇ ಬಿಟ್ಟು, "ಅಯ್ಯೋ, ತಪ್ಪೋಯ್ತು!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಇವರು ಅದನ್ನು ಒಂದು ತಟ್ಟು ತಟ್ಟಿ ಬೀಳಿಸಿ ಮೀಸೆ ತಿರುವುತ್ತಿದ್ದರು. ವಕೀಲ ಪರ್ವತಯ್ಯನವರಂತೂ ಈ ಚೆಂಡು ಬಿಟ್ಟುಕೊಡುವ ವಿದ್ಯೆಯಲ್ಲಿ ಎಂ.ಎ. ಪಾಸು ಮಾಡಿದಂತಿದ್ದರು.

ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡಿ. ನಮ್ಮಣ್ಣ ನಂದೀಶ್ವರಯ್ಯ ಕ್ಲಬ್ಬಿನ ಕಾರ್ಯದರ್ಶಿ. ಆ ಮೇಜಿನ ಮೇಲಿನ ಹಸಿರು ಬಟ್ಟೆಗೆ ಆಗಾಗ ಬ್ರಷ್ ಹೊಡೆದು ಇಸ್ತ್ರಿ ಹಾಕಬೇಕು. ಆಳುಗಳು ಸುಟ್ಟುಬಿಟ್ಟಾರು ಎಂಬ ಭಯಕ್ಕೆ ಅಣ್ಣ ಆ ಕೆಲಸವನ್ನು ತನ್ನ ಹೆಂಡತಿ ಜಗದಾಂಬಳಿಗೆ ಒಪ್ಪಿಸಿದ್ದ. ಗಂಡಸರೆಲ್ಲ ಉಂಡು ಮಲಗುವ ಹೊತ್ತಿನಲ್ಲಿ ಅತ್ತಿಗೆ ಇಸ್ತ್ರಿಪೆಟ್ಟಿಗೆ ಹಿಡಿದು ಹೊರಡುತ್ತಿದ್ದಳು. ಕೆಂಡದ ಬಾಣಲಿ ಹಿಡಿದು ಅವಳ ಹಿಂದೆ ನಾನು. ಇಸ್ತ್ರಿ ಮುಗಿದ ಮೇಲೆ ಏನು ಮಾಡುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಚೆಂಡು ಹೊಡೆಯುವ ಆ ಕೋಲು ನನ್ನ ಕೈಗೆ ಬಗ್ಗಲೇ ಇಲ್ಲ. ಅತ್ತಿಗೆಗೆ ಒಲಿದುಬಿಟ್ಟಿತು. ಸಂಜೆ ಆಟ ನಡೆಯುವಾಗ ನಮ್ಮ ಹಿತ್ತಲಿನಿಂದ ಕ್ಲಬ್ಬಿನ ಕಿಟಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಸೊಪ್ಪು ಸೋಸುವ ನೆಪದಲ್ಲಿ ಅದನ್ನೂ ನೋಡುತ್ತಿದ್ದೆವು.

ಇನ್ನು ನನ್ನ ವಿಷಯ. ಹೆಸರು ಸರೋಜಮ್ಮ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಪ್ಲೇಗಿಗೆ ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಅಣ್ಣ, ಅತ್ತಿಗೆ ಒಂದು ದಿನವೂ ಕಡೆಗಣಿಸಲಿಲ್ಲ. ಆದರೂ ಇನ್ನೊಬ್ಬರ ಒಲೆಯ ಮುಂದೆ ಜೀವಮಾನವೆಲ್ಲ ಕೂರುವುದೆಂದರೆ ನನಗೆ ಮೈ ಉರಿಯುತ್ತಿತ್ತು. ಲೋಯರ್ ಸೆಕೆಂಡರಿ ಪಾಸು ಮಾಡಿ ಮೇಡಂ ಆಗಬೇಕು, ನನ್ನ ಸಂಬಳದ ಅನ್ನ ನಾನು ಉಣ್ಣಬೇಕು ಎಂಬ ಹಟ ಹಿಡಿದಿದ್ದೆ.

ಮಹಾರಾಜರ ಬೆಳ್ಳಿಹಬ್ಬ ಕಳೆದು ಎರಡು ಮೂರು ವರ್ಷವಾಗಿತ್ತು. ತುಮಕೂರಿನಿಂದ ಸರಸಮ್ಮ ಎಂಬ ಉಪಾಧ್ಯಾಯಿನಿ ಬಂದು, ದೊಡ್ಡ ಹೆಂಗಸರಿಗೆ ಪಾಠ ಹೇಳಲು ತಾನು ಸಿದ್ಧ ಎಂದರು. ಆದರೆ ಊರಿನವರು ಒಂದು ಕೋಣೆ ಕೊಡಬೇಕು, ಕೊಡದಿದ್ದರೆ ಶಿರಾಕ್ಕೆ ಹೋಗುತ್ತೇನೆ, ಅಲ್ಲಿ ಕೋಣೆ ಕಾದಿದೆ ಎಂದರು. ನಮ್ಮೂರಿನಲ್ಲಿ ಮಧ್ಯಾಹ್ನವೆಲ್ಲ ಖಾಲಿ ಬಿದ್ದಿರುವ ದೊಡ್ಡ ಕೋಣೆ ಒಂದೇ ಒಂದು, ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆ. ಅಣ್ಣ ಸಭೆಯಲ್ಲಿ ವಿಷಯ ಎತ್ತಿದ. ಗಂಗಾಧರಯ್ಯನವರು ಹೊಟ್ಟೆ ಕುಲುಕಿಸಿ ನಕ್ಕರಂತೆ.

"ಆ ಕೋಣೆ ಆಟ ಆಡೋರ್ದು ಕಣಯ್ಯ ನಂದೀಶ. ನನ್ನ ಸೋಲ್ಸೋ ಹೆಂಗ್ಸು ಯಾರಾದ್ರೂ ಇದ್ರೆ ಕರ್ಕಂಡ್ ಬಾ. ಮಧ್ಯಾನ ನಾಕು ಗಂಟೆಗಂಟ ಕೋಣೆ ಅವರ್ದೇ!"

ಸಭೆಗೆ ಸಭೆಯೇ ನಕ್ಕಿತಂತೆ. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಇದನ್ನು ಹೇಳಿ ನಿಟ್ಟುಸಿರು ಬಿಟ್ಟ. ಅತ್ತಿಗೆ ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಯಾವತ್ತು ಆಡ್ಬೇಕು ಅಂತ ಕೇಳ್ಕಂಡ್ ಬನ್ನಿ."

ಅಣ್ಣನ ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡಿತು. "ತಮಾಷೆಗೆ ಅಂದ್ರು ಕಣೆ!"

"ನಾಕು ಜನದ ಮುಂದೆ ಅಂದ್ಮೇಲೆ ತಮಾಷೆ ಹೆಂಗಾಯ್ತದೆ?"

"ನಿಂಗೆ ಆಟ ಎಲ್ಲಿ ಬರ್ತದೆ?"

"ಇಸ್ತ್ರಿ ಹಾಕ್ವಾಗ ಚೆಂಡು ಆಚೀಚೆ ಸರಿಸ್ತಿರ್ತೀನಲ್ಲ, ಅಷ್ಟು ಬರ್ತದೆ" ಎಂದಳು ಪುಣ್ಯಾತ್ಗಿತ್ತಿ. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ.

ಭಾನುವಾರ ಮಧ್ಯಾಹ್ನ ಆಟ ಎಂದು ಗೊತ್ತಾಯಿತು. ಕ್ಲಬ್ಬಿನ ಒಳಗೆ ಗಂಡಸರು ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ನಾನು, ಸರಸಮ್ಮ ಮೇಡಂ, ಪಾಠಕ್ಕೆ ಬರುತ್ತೇವೆ ಎಂದಿದ್ದ ಹೆಂಗಸರೆಲ್ಲ ಹೊರಗೆ ಕಿಟಕಿಗೆ ಜೋತುಬಿದ್ದೆವು. ಬಡವನಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಕೊಲ್ಲಾಪುರಮ್ಮ ನನ್ನ ಪಕ್ಕದಲ್ಲೇ ನಿಂತು, "ಏನಮ್ಮಿ ಇದು, ಇಷ್ಟ್ ದೊಡ್ ಮಂಚದ್ ಮೇಲೆ ಗೋಲಿ ಆಡ್ತಾರಾ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೇಜಿನ ಮೇಲೆ ಹದಿನೈದು ಕೆಂಪು ಚೆಂಡು, ಒಂದು ಬಿಳಿ. ಬಿಳಿಯನ್ನು ಕೋಲಿನಿಂದ ಹೊಡೆಯಬೇಕು, ಅದು ಕೆಂಪಿಗೆ ತಾಗಿ ಕೆಂಪು ಪಾಕೆಟ್ಟಿಗೆ ಬೀಳಬೇಕು. ಬಿದ್ದರೆ ಮತ್ತೆ ಹೊಡೆಯಬಹುದು, ತಪ್ಪಿದರೆ ಸರದಿ ಎದುರಾಳಿಗೆ. ಎಂಟು ಬೀಳಿಸಿದವರು ಗೆದ್ದಂತೆ.

ಗಂಗಾಧರಯ್ಯನವರು ಜರತಾರಿ ಪೇಟ ಸರಿಮಾಡಿಕೊಂಡು, "ನೀವೇ ಶುರು ಮಾಡಿ ತಾಯಿ" ಎಂದು ದೊಡ್ಡಸ್ತಿಕೆ ತೋರಿದರು. ಅತ್ತಿಗೆ ಸೆರಗು ಸೊಂಟಕ್ಕೆ ಬಿಗಿದು ಬಗ್ಗಿದಳು. ಅವಳು ಒಂದರ ಹಿಂದೆ ಒಂದು ಮೂರು ಚೆಂಡು ಬೀಳಿಸಿದಾಗ ಒಳಗಿನ ನಗು ನಿಂತಿತು. ನಮ್ಮಣ್ಣ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. ಸುಳ್ಳು ಹೇಳಬಾರದು, ಗಂಗಾಧರಯ್ಯನವರಿಗೂ ಆಟ ಬರುತ್ತಿತ್ತು. ಎದುರಿಗೆ ಸಲೀಸಾಗಿ ನಿಂತ ಚೆಂಡನ್ನು ಅವರು ತಪ್ಪಿಸುತ್ತಿರಲಿಲ್ಲ. ಆಟ ಏರುತ್ತ ಇಳಿಯುತ್ತ ಕೊನೆಗೆ ಇಬ್ಬರದೂ ಏಳೇಳಾಯಿತು. ಉಳಿದಿದ್ದು ಒಂದೇ ಕೆಂಪು, ಹೊಡೆಯುವ ಸರದಿ ಅತ್ತಿಗೆಯದು.

ಆ ಕೆಂಪು ಚೆಂಡೋ, ಮೇಜಿನ ಆ ತುದಿಯ ಅಂಚಿಗೆ ಅಂಟಿಕೊಂಡು, ಎರಡು ಮೂಲೆಗಳಿಗೂ ದೂರವಾಗಿ ಕೂತಿತ್ತು. ಬಿಳಿ ಚೆಂಡು ನಡುಮಧ್ಯದಲ್ಲಿತ್ತು. ಕೂದಲೆಳೆಯಷ್ಟು ಸವರಿದಂತೆ ಹೊಡೆದರೆ ಕೆಂಪು ಅಂಚಿನ ಉದ್ದಕ್ಕೂ ಉರುಳಿ ಎಡಮೂಲೆಗೆ ಬೀಳುತ್ತದೆ. ಅತ್ತಿಗೆ ಅಂಥ ಹೊಡೆತ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ತಪ್ಪಿಸಿದ್ದನ್ನೂ ಕಂಡಿದ್ದೆ, ಅದೇ ಹೆಚ್ಚು. ತಪ್ಪಿದರೆ ಕೆಂಪು ಆ ಮೂಲೆಯ ಬಾಯಲ್ಲೇ ನಿಲ್ಲುತ್ತಿತ್ತು. ಆಮೇಲೆ ಗಂಗಾಧರಯ್ಯನವರು ಕಣ್ಣು ಮುಚ್ಚಿ ತಟ್ಟಿದರೂ ಮುಗಿಯಿತು.

ನನಗೆ ತಡೆಯಲಾಗಲಿಲ್ಲ. "ಎಡಗಡೆ ಹೊಡಿ ಅತ್ತಿಗೆ, ಹೊಡಿ!" ಎಂದು ಕಿಟಕಿಯಿಂದಲೇ ಕಿರುಚಿದೆ.

ಅವಳು ನನ್ನತ್ತ ತಿರುಗಲಿಲ್ಲ. ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಈ ತುದಿಯಲ್ಲಿ ನಿಂತು ಮರದ ಅಂಚಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಚೆಂಡು ನೋಡುವುದು ಬಿಟ್ಟು ಗಂಗಾಧರಯ್ಯನವರನ್ನು ನೋಡಿದಳು. ಅವರು ಕುರ್ಚಿಯಲ್ಲಿ ಕೂತು ಸೋಡಾ ಕುಡಿಯುತ್ತಿದ್ದರು. ಪರ್ವತಯ್ಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು.

ಅತ್ತಿಗೆ ಬಗ್ಗಿದಳು. ಮೆಲ್ಲಗೆ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ಬಿಳಿಯನ್ನು ತಳ್ಳಿದಳು. ಅದು ಹೋಗಿ ಕೆಂಪಿಗೆ ತಾಗಿಯೂ ತಾಗದಂತೆ ತಾಗಿ, ಆ ಅಂಚಿಗೆ ಬಡಿದು, ಮೇಜಿನ ಉದ್ದಕ್ಕೂ ವಾಪಸು ಉರುಳಿ ಬಂದು ಈ ತುದಿಯ ಅಂಚಿಗೆ ಅಂಟಿ ನಿಂತಿತು. ಕೆಂಪು ಇದ್ದಲ್ಲಿಂದ ಒಂದಿಷ್ಟು ಮಿಸುಕಿತು, ಅಷ್ಟೆ.

"ಹೆದರ್ಕಂಬುಟ್ರು!" ಎಂದು ಪರ್ವತಯ್ಯ ಬೀಸಣಿಗೆ ಎಸೆದು ನಕ್ಕರು. ಇಡೀ ಕ್ಲಬ್ಬು ನಕ್ಕಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳಗೆ ನುಗ್ಗಿ ಆ ಕೋಲು ಕಿತ್ತುಕೊಂಡು ಅತ್ತಿಗೆಗೇ ನಾಲ್ಕು ಬಿಡಬೇಕು ಅನ್ನಿಸಿತು. ನನ್ನ ಪರೀಕ್ಷೆ, ನನ್ನ ಸಂಬಳ, ನನ್ನ ಬಾಳು ಎಲ್ಲ ಆ ಹಸಿರು ಬಟ್ಟೆಯ ಮೇಲಿತ್ತು. ಈ ಮಹಾರಾಯಗಿತ್ತಿ ಹೊಡೆಯುವುದನ್ನೂ ಹೊಡೆಯದೆ ಆಟವನ್ನು ಅವರ ಕೈಗೆ ಕೊಟ್ಟುಬಿಟ್ಟಳಲ್ಲ ಎಂದು ಹಲ್ಲು ಕಡಿದೆ. ಸರಸಮ್ಮ ಮೇಡಂ ನನ್ನ ಭುಜ ಹಿಡಿದುಕೊಂಡರು.

ಗಂಗಾಧರಯ್ಯನವರು ಎದ್ದು ಬಂದು ಬಗ್ಗಿದರು. ಬಗ್ಗಿದವರು ಮತ್ತೆ ನೆಟ್ಟಗಾದರು.

ಬಿಳಿ ಚೆಂಡು ಅಂಚಿನ ಮಗ್ಗುಲಿಗೆ ಹೊಕ್ಕು ಕೂತಿತ್ತು. ಕೋಲು ಚಾಚಲು ಜಾಗವೇ ಇಲ್ಲ. ಚೆಂಡಿನ ನೆತ್ತಿ ಮಾತ್ರ ಕೋಲಿಗೆ ಸಿಗುತ್ತಿತ್ತು. ಕೆಂಪು ನೋಡಿದರೆ ಗಾವುದ ದೂರ. ಅವರು ಆ ಕಡೆ ಹೋದರು, ಈ ಕಡೆ ಬಂದರು, ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕಿದರು. ಆಮೇಲೆ ಪರ್ವತಯ್ಯನವರ ಮುಖ ನೋಡಿದರು. ಪರ್ವತಯ್ಯ ತೊಲೆ ಎಣಿಸುವವರಂತೆ ಸೂರು ನೋಡತೊಡಗಿದರು. ಆಗ ನನಗೆ ಹೊಳೆಯಿತು. ಕ್ಲಬ್ಬು ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ಇಂಥ ಚೆಂಡನ್ನು ಯಾರೂ ಬಿಟ್ಟಿರಲೇ ಇಲ್ಲ!

ಅವರೂ ಮೆಲ್ಲಗೆ ಹೊಡೆದು ಆಟ ಉಳಿಸಿಕೊಳ್ಳಬಹುದಿತ್ತು. ಆದರೆ ಊರೆಲ್ಲ ನೋಡುತ್ತಿರುವಾಗ, ಹೆಂಗಸೊಬ್ಬಳ ಹೊಡೆತಕ್ಕೆ ಈಗಷ್ಟೇ ನಕ್ಕಿರುವಾಗ, ಅಧ್ಯಕ್ಷರು ಮೆಲ್ಲಗೆ ಹೊಡೆಯುವುದುಂಟೆ?

"ಹೊಡ್ಯೋದು ಅಂದ್ರೆ ಇಂಗೆ ಕಣಮ್ಮ!" ಎಂದು ರಟ್ಟೆಯ ಬಲವನ್ನೆಲ್ಲ ಹಾಕಿ ಬಾರಿಸಿದರು. ಕೋಲು ಚೆಂಡಿನ ನೆತ್ತಿಯ ಮೇಲೆ ಜಾರಿತು. ಬಿಳಿ ಅಡ್ಡಾದಿಡ್ಡಿ ಓಡಿ ಕೆಂಪಿಗೆ ಗುದ್ದಿತು. ಕೆಂಪು ಆ ಅಂಚು ಈ ಅಂಚಿಗೆ ಬಡಿದಾಡಿ, ಸುಸ್ತಾಗಿ, ಬಲಮೂಲೆಯ ಪಾಕೆಟ್ಟಿನ ಬಾಯಲ್ಲಿ ಬಂದು ನಿಂತಿತು. ಪರ್ವತಯ್ಯನವರು ದಿನಾ ಸಂಜೆ ಅಧ್ಯಕ್ಷರಿಗೆ ಬಿಟ್ಟುಕೊಡುತ್ತಿದ್ದ ಚೆಂಡನ್ನೇ ಈಗ ಅಧ್ಯಕ್ಷರು ನಮ್ಮ ಅತ್ತಿಗೆಗೆ ಬಿಟ್ಟುಕೊಟ್ಟಿದ್ದರು.

ಅತ್ತಿಗೆ ಅವಸರ ಮಾಡಲಿಲ್ಲ. ನಿಂತಳು, ನೋಡಿದಳು, ಒಂದು ತಟ್ಟು ತಟ್ಟಿದಳು. ಚೆಂಡು ಬಿದ್ದ ಸದ್ದು ಹೊರಗಿನ ನಮಗೂ ಕೇಳಿಸಿತು.

"ಗೆದ್ಬುಟ್ಳು ಕಣ್ರಮ್ಮೋ!" ಎಂದು ಮೊದಲು ಕೂಗಿದವಳು ಆಟದ ತಲೆಬುಡ ತಿಳಿಯದ ಕೊಲ್ಲಾಪುರಮ್ಮ. ನಾನು ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟೆ.

ಒಳಗೆ ಗಂಗಾಧರಯ್ಯನವರು ಬೆವರು ಒರೆಸಿಕೊಂಡು, "ಆಗ್ಲೇ ಎಡಗಡೆ ಹೊಡ್ದಿದ್ರೆ ಚಪ್ಪಾಳೆ ಬೀಳ್ತಿತ್ತಲ್ಲ ತಾಯಿ, ಯಾಕೆ ಹೊಡೀಲಿಲ್ಲ?" ಎಂದರು.

"ನಂಗೆ ಚಪ್ಪಾಳೆ ಬೇಕಿರ್ಲಿಲ್ಲ ಸ್ವಾಮಿ, ಕೋಣೆ ಬೇಕಿತ್ತು" ಎಂದಳು ಅತ್ತಿಗೆ.

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ, ಅದನ್ನು ಒಪ್ಪಬೇಕು. ಮೇಜು ಸರಿಸಲು ಆಗುವಂಥದ್ದಲ್ಲವಾದ್ದರಿಂದ ಅದರ ಮೇಲೆ ಹಲಗೆ ಹಾಸಿ, ಸುತ್ತ ಮಣೆಗಳ ಮೇಲೆ ಮಣೆ ಪೇರಿಸಿ ಕೂತೆವು. ಸೋಮವಾರವೇ ಪಾಠ ಶುರುವಾಯಿತು. ಅತ್ತಿಗೆಯೂ ನನ್ನ ಪಕ್ಕದಲ್ಲೇ ಕೂತಳು.

ಆ ವಾರವೇ ಒಂದು ದಿನ, ನಾಲ್ಕು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ಬಾಗಿಲಲ್ಲಿ ಪೇಟ ಕಾಣಿಸಿತು. ಅಧ್ಯಕ್ಷರು ಆಟಕ್ಕೆ ಬೇಗ ಬಂದಿದ್ದರು. ನಾವೆಲ್ಲ ಅಭ್ಯಾಸ ಬಲದಿಂದ ಎದ್ದು ನಿಲ್ಲಲು ಹೊರಟೆವು.

"ಕೂತ್ಕೊಳಿ" ಎಂದರು ಸರಸಮ್ಮ ಮೇಡಂ ನಮಗೆ. ಆಮೇಲೆ ಬಾಗಿಲಿನ ಕಡೆ ತಿರುಗಿ, "ಪಾಠ ನಡೀತಿದೆ, ಹೊರಗೆ ಸ್ವಲ್ಪ ಕಾದಿರಿ" ಎಂದರು.

ಗಂಗಾಧರಯ್ಯನವರು ಪೇಟ ಸರಿಮಾಡಿಕೊಂಡರು. ಆಮೇಲೆ ಜಗುಲಿಯ ಬೆಂಚಿನ ಮೇಲೆ ಹೋಗಿ ಕೂತರು. ಓದುವ ಸರದಿ ನನ್ನದಾಗಿತ್ತು. ಜಗುಲಿಯವರೆಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.