ಭಂಡಾರದ ಹಳದಿ

ನಮ್ಮ ಅತ್ತೆ ರುದ್ರವ್ವನವರು ಡಾಕ್ಟರ ಮಾತನ್ನು ಅರ್ಧ ಕೇಳುತ್ತಾರೆ, ಉಳಿದರ್ಧ ಮನೆದೇವರು ಖಂಡೋಬನಿಗೆ ಬಿಡುತ್ತಾರೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಮಾವ ಸಿದ್ದಲಿಂಗಪ್ಪನವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿ, ಡಾಕ್ಟರ್ ಸುಲಭಾ ಹೊಸ ಇಂಜೆಕ್ಷನ್ನಿನ ಬಗ್ಗೆ ಮರಾಠಿಯಲ್ಲಿ ತಿಳಿಸಿ ಹೇಳುತ್ತಿದ್ದಾಗಲೂ ಅತ್ತೆ ಕಣ್ಣುಮುಚ್ಚಿ ಆ ದೇವರ ಜೇಜುರಿ ಗುಡ್ಡಕ್ಕೆ ಹರಕೆ ಹೊರುತ್ತಿದ್ದರು.

ನಾನಂತೂ ಪೂರ್ತಿ ಕೇಳಿಸಿಕೊಂಡೆ. ಮೈಯನ್ನು ಕಾಯುವ ಜೀವಕೋಶಗಳು ನಮ್ಮನ್ನೇ ತಿನ್ನದಿರಲೆಂದು ಕೆಲವು ಅಣುಗಳು ಅವಕ್ಕೆ ಬ್ರೇಕ್ ಹಾಕುತ್ತವಂತೆ. ಗಡ್ಡೆ ಮಹಾ ಕಿಲಾಡಿ, ಅದೇ ಬ್ರೇಕನ್ನು ಒತ್ತಿಹಿಡಿದು ಬಚಾವಾಗುತ್ತದೆ. ಇಂಜೆಕ್ಷನ್ ಆ ಬ್ರೇಕನ್ನು ಬಿಡಿಸುತ್ತದೆ. ನನ್ನ ಗಂಡ ಚನ್ನವೀರ ಚಾಕಣದ ಕಾರ್ಖಾನೆಯಲ್ಲಿ ಗಾಡಿಗಳ ಬ್ರೇಕನ್ನೇ ತಪಾಸಣೆ ಮಾಡುವವರು. ಬ್ರೇಕ್ ಬಿಟ್ಟ ಮೇಲೆ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿದರು.

ಎಲ್ಲಿಗಾದರೂ ಹೋಗಬಹುದು ಎಂದರು ಡಾಕ್ಟರ್. ಕರುಳಿಗೆ ಹೋಗಬಹುದು, ಲಿವರಿಗೂ ಬಾಯಿ ಹಾಕಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ ಅದೇ ದಿನ ತಿಳಿಸಬೇಕು. ಆಗ ಇಂಜೆಕ್ಷನ್ ನಿಲ್ಲಿಸಿ, ಬೇರೆ ಔಷಧ ಕೊಟ್ಟು ಮತ್ತೆ ಬ್ರೇಕ್ ಹಾಕುತ್ತೇವೆ. ತಡವಾದರೆ ಬ್ರೇಕ್ ಹಿಡಿಯುವುದಿಲ್ಲ.

ಇಂಜೆಕ್ಷನ್ ಶುರುವಾದ ಮೇಲೆ ಮಾವನ ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಳಿದಿತ್ತು. ಕೊಂಢವಾ ಬಡಾವಣೆಯ ನಮ್ಮ ಟೈಲ್ಸ್ ಅಂಗಡಿಯಲ್ಲಿ ಅವರು ಮತ್ತೆ ಗಿರಾಕಿಗಳ ಜೊತೆ ಜಗಳಕ್ಕೆ ನಿಂತರು. ನಮಗೆ ಅದು ಕೇಳಲು ಹಿತವಾಗಿತ್ತು.

ಒಂದು ಶನಿವಾರ ಅತ್ತೆ ಇದ್ದಕ್ಕಿದ್ದಂತೆ ಹಟ ಹಿಡಿದರು. “ನಾಳೆ ಜೇಜುರಿಗೆ ಹೋಗಬೇಕು. ಹರಕಿ ಬಾಕಿ ಅದ.” ಹೊರಡುವಾಗ ಮಾವನಿಗೆ ಕಣ್ಣಿನ ಆಪರೇಷನ್ ಆದಾಗಿನ ಕಪ್ಪು ಕನ್ನಡಕ ಹಾಕಿಸಿದರು.

“ಮಾವಾರು ಹೀರೋ ಆಗ್ಯಾರ,” ಎಂದೆ.

“ಭಂಡಾರ ಕಣ್ಣಾಗ ಬೀಳ್ತದ,” ಎಂದರು ಅತ್ತೆ. ಅವರು ನಗಲಿಲ್ಲ.

ಜೇಜುರಿಯಲ್ಲಿ ಯಾರ ಮುಖದ ಬಣ್ಣವೂ ಯಾರಿಗೂ ತಿಳಿಯುವುದಿಲ್ಲ. ಭಂಡಾರವೆಂದರೆ ಅರಿಶಿನದ ಪುಡಿ. ಜನ ಹಿಡಿಹಿಡಿಯಾಗಿ ತೂರಿ ಮೆಟ್ಟಿಲು, ಗೋಡೆ, ಮಲಗಿದ ನಾಯಿ ಎಲ್ಲ ಹಳದಿಯಾಗಿದ್ದವು. ಮಾವ ಅರ್ಧ ದಾರಿಯಲ್ಲೇ ಕುಸಿದು ಕೂತರು. ಅತ್ತೆ ಅವರ ಹಣೆ, ಕೆನ್ನೆ, ಕತ್ತು, ತೋಳಿಗೆಲ್ಲ ಭಂಡಾರ ಬಳಿದರು.

ಮನೆಗೆ ಬಂದ ಮೇಲೂ ತೊಳೆಯಲು ಬಿಡಲಿಲ್ಲ. “ನಾಳೆ ಬಿಟ್ಟು ಮುಂದಿನ ಸೋಮವಾರ ಇಂಜೆಕ್ಷನ್ ಅದ. ದೇವರ ಬಣ್ಣದಾಗ ಹೋಗ್ಲಿ,” ಎಂದು ದಿನಾ ಬೆಳಿಗ್ಗೆ ಹೊಸದಾಗಿ ಹಚ್ಚಿದರು. ಕನ್ನಡಕವನ್ನೂ ತೆಗೆಸಲಿಲ್ಲ. ಮಾವ ಊಟ ಬಿಟ್ಟರು, ಮೈ ಕೆರೆದುಕೊಳ್ಳತೊಡಗಿದರು. ಬಜಾರಿನ ಅರಿಶಿನ, ಏನು ಕಲಬೆರಕೆಯೋ ಎಂದು ನಾನು ಬೈದೆ. ಆದರೂ ಆ ಮುಖ ನೋಡಿದಾಗಲೆಲ್ಲ ಯಾಕೋ ನನಗೆ ಹೆದರಿಕೆಯಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮಾವ ಏಳಲೇ ಇಲ್ಲ. ಕರೆದರೆ ಬರೀ ಹೂಂಗುಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಬೈರಿ ಬೇಕಾದ್ರ. ನಾ ತೊಳೀತೀನಿ,” ಎಂದು ಒದ್ದೆ ಟವೆಲ್ ತಂದೆ. ಅತ್ತೆ ನನ್ನ ಕೈ ಹಿಡಿದರು. ಕೊಸರಿಕೊಂಡು ಒರೆಸಿದೆ. ಟವೆಲ್ ಹಳದಿಯಾಯಿತು. ಹಿಂಡಿ ಮತ್ತೆ ಒರೆಸಿದೆ, ಬಣ್ಣ ತೆಳುವಾಯಿತು. ಬೇರೆ ಟವೆಲ್ ತಂದು ಒರೆಸಿದಾಗ ಅದು ಬೆಳ್ಳಗೇ ಉಳಿಯಿತು. ಮಾವನ ಮುಖ ಮಾತ್ರ ಇದ್ದ ಹಾಗೇ ಇತ್ತು. ಕನ್ನಡಕ ತೆಗೆದೆ. ಕಣ್ಣಿನ ಬಿಳಿಯೂ ಅದೇ ಹಳದಿ.

ಚನ್ನವೀರ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟು ಕಾರಿನ ಕೀಲಿ ಹುಡುಕತೊಡಗಿದರು. ಈಗಲೇ ಕರೆತನ್ನಿ ಎಂದ ಡಾಕ್ಟರ್, ಹಳದಿ ಯಾವಾಗಿನಿಂದ ಇದೆ, ಅದು ತಿಳಿಯಲೇಬೇಕು ಎಂದರು. ನಾನೇನು ಹೇಳಲಿ? ಭಾನುವಾರದಿಂದ ನಮ್ಮ ಮನೆಯಲ್ಲಿ ಎಲ್ಲವೂ ಹಳದಿ.

“ಜೇಜುರಿಗೆ ಹೋಗೂ ಹಿಂದಿನ ದಿನ ನೋಡಿದೆ,” ಎಂದರು ಅತ್ತೆ ಮೆಲ್ಲಗೆ. “ಅವರ ಕಣ್ಣಾಗ.”

ನಾನು ಅದನ್ನೇ ಫೋನಿನಲ್ಲಿ ಹೇಳಿ ಅತ್ತೆಯ ಮುಖ ನೋಡಿದೆ.

“ಹಳದಿ ಆದ್ರ ಇಂಜೆಕ್ಷನ್ ಬಂದ್ ಮಾಡ್ತೀವಿ ಅಂತ ಅಕಿನೇ ಹೇಳಿದ್ಲಲ್ಲ. ಗಡ್ಡಿ ಭಾಳ ಚಲೋ ಕರಗಾಕತ್ತಿತ್ತು ಸಪ್ನಾ. ಸೋಮವಾರದ್ದೊಂದು ಆಗಿಬಿಡ್ಲಿ ಅಂತ ಮುಚ್ಚಿದೆ.”

ಅತ್ತೆ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಮಾವನ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಮಗನ ಕಡೆ ತಿರುಗಿದರು.

“ಚನ್ನಾ, ನಿನಗ ಗೊತ್ತಿರ್ತದ. ಈಗ ಹಾಕಿದ್ರ ಬ್ರೇಕ್ ಹಿಡೀತದೇನು?”

ಚನ್ನವೀರನ ಕೈಗೆ ಕೀಲಿ ಸಿಕ್ಕಿತ್ತು. ಅವರು ಅಪ್ಪನನ್ನು ಎತ್ತಿಕೊಂಡರು.