ಹಳದಿ ಕ್ರೇನಿನ ಕೊಕ್ಕೆ

ಬೀದಿಯವರು ಅವನಿಗೆ ಇಟ್ಟ ಹೆಸರು ಗುಜರಿ ಡಾಕ್ಟರ್. ಅರವತ್ತು ಎಪ್ಪತ್ತು ವರ್ಷ ಹಿಂದಿನ ತಗಡಿನ ಬುಲ್ಡೋಜರ್, ರೋಡ್ ರೋಲರ್, ಮಣ್ಣು ತೋಡುವ ಯಂತ್ರ, ಇಂಥ ಆಟದ ಸಾಮಾನುಗಳು ತುಕ್ಕು ಹಿಡಿದು, ಚಕ್ರ ಕಳಚಿ, ಹೆತ್ತ ಕಾರ್ಖಾನೆಗೇ ಗುರುತು ಸಿಗದಂತಾಗಿ ಅವನ ಮೇಜಿಗೆ ಬರುತ್ತಿದ್ದವು. ಅವನು ಎರಡು ಸಲ ತಿರುಗಿಸಿ ನೋಡಿ ಯಾವ ಅಚ್ಚಿನದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದ. ಬಾಗಿಲಿನ ಅಂಚು ಬರೀ ಕತ್ತರಿಸಿ ಬಿಟ್ಟಿದ್ದರೆ ಮೊದಲ ಅಚ್ಚು. ಒಳಕ್ಕೆ ಮಡಿಚಿದ್ದರೆ ಆಮೇಲಿನದು. ಅಷ್ಟರಲ್ಲಿ ನಾಲ್ಕಾರು ಮಕ್ಕಳ ಬೆರಳು ಕುಯ್ದು ಕಾರ್ಖಾನೆಯವರಿಗೆ ಬುದ್ಧಿ ಬಂದಿತ್ತು.

ಸಾಮಾನು ಬರುತ್ತಿದ್ದದ್ದು ಪಾರ್ಸೆಲ್ಲಿನಲ್ಲಿ, ಹೋಗುತ್ತಿದ್ದದ್ದೂ ಪಾರ್ಸೆಲ್ಲಿನಲ್ಲಿ. ಹೀಗಾಗಿ ಅವನ ಕೈಗೆ ಪುರುಸೊತ್ತಿರಲಿಲ್ಲ, ಬಾಯಿಗೆ ಕೆಲಸವಿರಲಿಲ್ಲ. ಮದುವೆಯ ರಗಳೆಗೆ ಅವನು ಕೈ ಹಾಕಿದವನಲ್ಲ. ಇದ್ದೊಬ್ಬ ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎರಡು ದಿನ ಯಾರ ಜೊತೆಗೂ ಮಾತಾಡದೆ ಮೂರನೆಯ ದಿನ ಪಾರ್ಸೆಲ್ಲಿನವನಿಗೆ ‘ಇಲ್ಲಿಡಿ’ ಎನ್ನಲು ಹೋದರೆ ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು. ಒಂಟಿತನ ಅಭ್ಯಾಸವಾಗಿಬಿಡುತ್ತದೆ ಎಂದು ಹೇಳುವವರು ಮನೆ ತುಂಬ ಜನ ಇಟ್ಟುಕೊಂಡವರು. ಅವನಿಗೆ ಅಭ್ಯಾಸವಾಗಿರಲಿಲ್ಲ.

ಅಂಥದ್ದರಲ್ಲಿ ಒಂದು ಗುರುವಾರ ಒಬ್ಬ ಯಜಮಾನರು ತಾವೇ ಬಂದರು. ದೊಡ್ಡ ದೊಡ್ಡ ಕಟ್ಟಡ ಏಳುವ ಕಡೆ ಮೂವತ್ತೆರಡು ವರ್ಷ ನಿಜವಾದ ಕ್ರೇನ್ ಓಡಿಸಿ ನಿವೃತ್ತರಾದವರು. ಬಟ್ಟೆಯ ಚೀಲದಿಂದ ಮೊಳದುದ್ದದ ಕಪ್ಪು ಕ್ರೇನೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಇದು ನನ್ನ ತಮ್ಮಂದು,” ಎಂದರು. “ನಾನು ಹತ್ತು ವರ್ಷದವನಿದ್ದಾಗ ಗೇಟಿಗೆ ಬಳಿದು ಉಳಿದಿದ್ದ ಕಪ್ಪು ಪೇಂಟನ್ನ ಇದಕ್ಕೆ ಹೊಡೆದುಬಿಟ್ಟೆ. ಕೊಕ್ಕೆ ಕಿತ್ತು ಮೀನು ಹಿಡಿಯೋಕೆ ತಗೊಂಡು ಹೋಗಿ ಕಳೆದೆ. ಅವನು ನನ್ನ ಹಳದಿ ಕ್ರೇನು, ನನ್ನ ಹಳದಿ ಕ್ರೇನು ಅಂತ ಮೂರು ದಿನ ಅತ್ತ.”

“ಈಗ್ಯಾಕೆ ನೆನಪಾಯ್ತು?”

“ಅವನ ಕಣ್ಣು ಹೋಗ್ತಾ ಇದೆ. ಸ್ವಲ್ಪ ಸ್ವಲ್ಪವಾಗಿ ಹೋಗತ್ತೆ, ಇಂಥ ದಿನ ಅಂತ ಹೇಳಕ್ಕಾಗಲ್ಲ ಅಂದಿದಾರೆ. ಕಾಣೋವಾಗ್ಲೇ ಆ ಹಳದಿ ಒಂದ್ಸಲ ಅವನಿಗೆ ತೋರಿಸ್ಬೇಕು. ಆಗತ್ತಾ?”

ಅವನು ಕ್ರೇನಿನ ಚಾವಣಿಯ ರಿವೆಟ್ಟುಗಳನ್ನು ಎಣಿಸಿದ. ಆರು. ಎರಡನೆಯ ಅಚ್ಚು. ಬೋರಲು ಹಾಕಿ, ಚಕ್ರದ ಸರಳನ್ನು ಹಿಡಿದಿದ್ದ ತಗಡಿನ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದ. ಬಿಸಿಲಾಗಲಿ, ಮಕ್ಕಳ ಕೈಯಾಗಲಿ, ಗೇಟಿನ ಪೇಂಟಾಗಲಿ ತಲುಪದ ಆ ಜಾಗದಲ್ಲಿ ಉಗುರಿನಷ್ಟು ಹಳದಿ ಹಾಗೇ ಉಳಿದಿತ್ತು. ಇಬ್ಬರೂ ಬಗ್ಗಿ ನೋಡಿದರು.

“ಆಗತ್ತೆ,” ಎಂದ ಅವನು.

ಮುಂದಿನ ಗುರುವಾರವೂ ಬಂದರು, ಅದರ ಮುಂದಿನ ಗುರುವಾರವೂ. ಕಪ್ಪನ್ನು ಕೆರೆಯದೆ ದ್ರಾವಣದಲ್ಲಿ ನೆನೆಸಿ ಪದರ ಪದರವಾಗಿ ಬಿಡಿಸುವುದನ್ನು ನೋಡುತ್ತಾ ಕೂತರು. ಹಳದಿಗೆ ಒಂದು ಹನಿ ಕೆಂಪು, ಕಡ್ಡಿಯ ತುದಿಯಷ್ಟು ಬಿಳಿ ಬೆರೆಸಿ, ತಗಡಿನ ಚೂರಿಗೆ ಬಳಿದು, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಊಹೂಂ ಎಂದು ಬದಿಗಿಡುವುದನ್ನು ಇಪ್ಪತ್ತಾರು ಸಲ ನೋಡಿದರು. ನಡುನಡುವೆ ಮಾತು. ಅಷ್ಟೆತ್ತರದಲ್ಲಿ ಕೂತಿರುವಾಗ ಒಂದಕ್ಕೆ ಅವಸರವಾದರೆ ಕ್ರೇನಿನವರು ಏನು ಮಾಡುತ್ತಾರೆ ಎಂಬುದನ್ನು ಅವರು ಅಭಿನಯಿಸಿ ತೋರಿಸಿದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಕೋಣೆಯಲ್ಲಿ ಯಾರಾದರೂ ನಕ್ಕು ಯಾವ ಕಾಲವಾಗಿತ್ತೋ. ಬುಧವಾರವೇ ಅವನು ಇನ್ನೊಂದು ಲೋಟ ತೊಳೆದಿಡತೊಡಗಿದ.

ಎಂಟನೆಯ ಗುರುವಾರದ ಹೊತ್ತಿಗೆ ಕ್ರೇನು ಮತ್ತೆ ಹಳದಿಯಾಗಿ, ಹಿಡಿ ತಿರುಗಿಸಿದರೆ ದಾರ ಸಲೀಸಾಗಿ ಏರಿ ಇಳಿಯುತ್ತಿತ್ತು. ಬಾಕಿ ಇದ್ದದ್ದು ಕೊಕ್ಕೆ ಒಂದೇ. ಆ ಕೊಕ್ಕೆ ಎಲ್ಲಿತ್ತು ಅಂದರೆ, ಅವನ ಮೇಜಿನ ಕೆಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದೇ ಅಚ್ಚಿನದು, ಅದೇ ಕಾಲದ್ದು. ಮೊದಲ ದಿನದಿಂದಲೂ ಇತ್ತು. ಕಟ್ಟಲು ಎರಡು ನಿಮಿಷದ ಕೆಲಸ.

“ಕೊಕ್ಕೆ ಸಿಕ್ಕಿಲ್ಲ,” ಎಂದ ಅವನು. “ನಾಲ್ಕು ಕಡೆ ಬರೆದು ಕೇಳಿದೀನಿ.”

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಕಳೆದುಹೋದ ಭಾಗಕ್ಕೆ ಅದೇ ಅಚ್ಚಿನದೇ ಆಗಬೇಕು, ಹೆಚ್ಚುಕಡಿಮೆ ಹಾಗೇ ಇರುವುದು ನಡೆಯುವುದಿಲ್ಲ. ಒಂದು ಚಕ್ರಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಹಾಗಾಗಿ ಅವನ ಮಾತನ್ನು ಅನುಮಾನಿಸಲು ಕಾರಣವೇ ಇರಲಿಲ್ಲ.

“ಕೊಕ್ಕೆ ಇಲ್ದಿದ್ರೂ ನಡೆಯತ್ತೆ ಬಿಡಿ ಡಾಕ್ಟ್ರೇ. ಅವನು ಬಣ್ಣ ನೋಡಿದ್ರೆ ಸಾಕು.”

“ಕೊಕ್ಕೆ ಇಲ್ಲದ ಕ್ರೇನು ಕ್ರೇನಾ? ನೀವೇ ಹೇಳಿ ಯಜಮಾನ್ರೇ, ನೀವು ಓಡಿಸಿದವರು.”

ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿದ್ದ. ಯಜಮಾನರು ತಲೆಯಾಡಿಸಿ, “ಅದೂ ಸರಿನೇ. ಮುಂದಿನ ಗುರುವಾರ ಬರ್ತೀನಿ,” ಎಂದರು. ಸ್ವಲ್ಪ ಸ್ವಲ್ಪವಾಗಿ ಹೋಗುವ ಕಣ್ಣು ಒಂದು ವಾರದಲ್ಲಿ ಎಲ್ಲಿ ಓಡಿಹೋಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ವಾರ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಅವನೇನೂ ಕೆಟ್ಟವನಲ್ಲ. ಆದರೆ ಗುರುವಾರವಿಲ್ಲದ ವಾರ ಹೇಗಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೆ ಹೆದರಿದ್ದ.

ಹದಿಮೂರನೆಯ ಗುರುವಾರ ಯಜಮಾನರು ಬಂದು ಕೂತವರು ಚಹಾ ಮುಟ್ಟಲಿಲ್ಲ.

“ಭಾನುವಾರ ಬೆಳಗ್ಗೆ ಎದ್ದವನು ಲೈಟ್ ಯಾಕೆ ಹಾಕಿಲ್ಲ ಅಂತ ಕೇಳ್ದ,” ಎಂದರು. “ಕಿಟಕಿ ತುಂಬ ಬಿಸಿಲಿತ್ತು.”

ಅವನು ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟ.

“ಹಂಗೇ ಕೊಟ್ಬಿಡಿ ಡಾಕ್ಟ್ರೇ. ಕೈಯಲ್ಲಾದ್ರೂ ಮುಟ್ಟಿ ನೋಡ್ಲಿ.”

ಅವನು ಬಗ್ಗಿ ಡಬ್ಬಿ ಎಳೆದ, ಕೊಕ್ಕೆ ತೆಗೆದ, ದಾರಕ್ಕೆ ಕಟ್ಟಿದ. ಎರಡು ನಿಮಿಷವೂ ಹಿಡಿಯಲಿಲ್ಲ.

“ಸಿಕ್ತಾ? ಯಾವಾಗ ಬಂತು?”

ನಿನ್ನೆ ಬಂತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. “ಮೊದಲ್ನೇ ದಿನದಿಂದ ಇಲ್ಲೇ ಇತ್ತು,” ಎಂದ. “ಕೊಟ್ಟುಬಿಟ್ರೆ ನೀವು ಬರಲ್ಲ ಅಂತ...”

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕ್ರೇನನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತರು.

“ಸುಮ್ಮನೆ ಬನ್ನಿ ಅಂದಿದ್ರೂ ಬರ್ತಿದ್ದೆನಲ್ಲಪ್ಪ,” ಎಂದರು. ಡಾಕ್ಟ್ರೇ ಎನ್ನದೆ ಅವರು ಅವನನ್ನು ಮಾತಾಡಿಸಿದ್ದು ಅದೇ ಮೊದಲು.

ಅವನು ಐದು ಗುರುವಾರ ತಡೆದುಕೊಂಡ. ಕೆಲಸಕ್ಕೆ ಕೂತರೆ ಕೆಲಸ ಸಾಗದು, ಕೂರದಿದ್ದರೆ ಹೊತ್ತು ಹೋಗದು. ಆರನೆಯ ಗುರುವಾರ, ‘ಸುಮ್ಮನೆ ಬನ್ನಿ’ ಎಂಬ ಎರಡೇ ಮಾತನ್ನು ಗಂಟಲು ಸರಿಮಾಡಿಕೊಂಡು ಜೋರಾಗಿ ನಾಲ್ಕು ಸಲ ಹೇಳಿ ನೋಡಿ, ಫೋನ್ ಮಾಡಿದ. ಎತ್ತಿದ್ದು ಬೇರೆ ದನಿ.

“ನಾನು... ಆ ಕ್ರೇನು ರಿಪೇರಿ ಮಾಡಿದವನು.”

“ಓ, ನೀವಾ. ಇಡೀ ದಿನ ನನ್ನ ತೊಡೆ ಮೇಲೇ ಇರತ್ತೆ ಅದು. ಕೊಕ್ಕೆ ಸಿಗದೆ ತಡ ಆಯ್ತಂತೆ, ಎಲ್ಲಿಂದಲೋ ಹುಡುಕಿ ತರಿಸಿದ್ರಂತೆ. ಅಣ್ಣ ಹೇಳ್ದ. ನಿಮಗೆ ತುಂಬ ತೊಂದರೆ ಕೊಟ್ವಿ.”

ಅವನು ಬಿಸ್ಕತ್ತಿನ ಡಬ್ಬಿಯನ್ನು ಕಾಲಿನಿಂದ ಮೇಜಿನಡಿಗೆ ಇನ್ನಷ್ಟು ಒಳಕ್ಕೆ ದೂಡಿದ.

“ಹಳದಿ ಮೊದ್ಲಿನ ಥರಾನೇ ಬಂದಿದೆಯಂತೆ, ಹೌದಾ? ಹೇಗಿದೆ, ಸ್ವಲ್ಪ ಹೇಳಿ.”

ಮೂವತ್ತು ಬಗೆಯ ಹಳದಿಯನ್ನು ಕಣ್ಣಳತೆಯಲ್ಲೇ ಬೇರೆ ಮಾಡಬಲ್ಲವನು ಮಾತಿಗಾಗಿ ತಡಕಾಡಿದ. “ಹಳದಿ,” ಎಂದ. “ತುಂಬ ಹಳದಿ.”

ಆ ಕಡೆಯವರು ನಕ್ಕರು. “ಅಣ್ಣನೂ ಅಷ್ಟೇ ಹೇಳೋದು. ಇಲ್ಲೇ ಪಕ್ಕದಲ್ಲೇ ಕೂತಿದಾನೆ, ಇರಿ ಕೊಡ್ತೀನಿ.”

ಕುರ್ಚಿ ಸರಿದ ಸದ್ದು ಕೇಳಿಸಿತು. ಏನೋ ಪಿಸುಮಾತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದ. ಮತ್ತೆ ಬಂದದ್ದು ತಮ್ಮನದೇ ದನಿ, ಸುಳ್ಳು ಹೇಳಿ ಅಭ್ಯಾಸವಿಲ್ಲದವರ ದನಿ.

“ಅಣ್ಣ ಹೊರಗೆ ಹೋಗಿದಾನಂತೆ,” ಎಂದರು. “ಏನಾದ್ರೂ ಹೇಳ್ಬೇಕಿತ್ತಾ?”

“ಏನಿಲ್ಲ,” ಎಂದ ಅವನು. “ಸುಮ್ಮನೆ ಮಾಡ್ದೆ.”